ಅಮೆರಿಕದ ಕಾಲೇಜು ರೇಡಿಯೊ: ಸಂಬಳವಿಲ್ಲದ ಕೆಲವರು ಒಂದು ದೇಶದ ಕೇಳ್ಮೆಯನ್ನು ಬದಲಿಸಿದ ಬಗೆ

ತರಂಗಪ್ರಿಯ:

ಅಮೆರಿಕದ ಜನಪ್ರಿಯ ಸಂಗೀತದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ದೊಡ್ಡ ಧ್ವನಿಮುದ್ರಣ ಕಂಪನಿಗಳಿಂದ, 1981ರಲ್ಲಿ ಆರಂಭವಾದ ಎಂಟಿವಿಯಿಂದ, ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ವಾರದ ಪಟ್ಟಿಯಿಂದ ಮಾತು ತೆಗೆಯುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ಉನ್ನತ ವ್ಯಾಸಂಗಕ್ಕೆಂದು ಆ ದೇಶದ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿನ ವಿದ್ಯಾರ್ಥಿಗಳೇ ನಡೆಸುತ್ತಿದ್ದ ರೇಡಿಯೊ ಕೇಂದ್ರವನ್ನು ವರ್ಷಗಟ್ಟಲೆ ಕೇಳಿದ ನನಗೆ, ಆ ಚರಿತ್ರೆಯ ದೊಡ್ಡ ಪಾಲು ವಿದ್ಯಾರ್ಥಿ ಭವನಗಳ ನೆಲಮಾಳಿಗೆಯಲ್ಲಿ, ಮಹಡಿಯ ಮೂಲೆಕೋಣೆಗಳಲ್ಲಿ ನಡೆಯಿತೆಂಬ ನಂಬಿಕೆ ಬಲವಾಗಿದೆ. ಅದರ ಬಗ್ಗೆ ಕನ್ನಡದಲ್ಲಿ ಒಂದಿಷ್ಟು ಗಂಭೀರವಾದ ಮಾತುಕತೆ ಆಗಲಿ ಎಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಇದಕ್ಕೆಲ್ಲ ಅವಕಾಶ ಮಾಡಿಕೊಟ್ಟದ್ದು ಒಂದು ಸರ್ಕಾರಿ ನಿರ್ಧಾರ. 1945ರಲ್ಲಿ ಅಲ್ಲಿನ ಸಂಪರ್ಕ ಆಯೋಗವಾದ ಎಫ್‌ಸಿಸಿಯು ಎಫ್‌ಎಂ ತರಂಗಾಂತರಗಳಲ್ಲಿ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ಜಾಹೀರಾತಿಲ್ಲದ ಶೈಕ್ಷಣಿಕ ಪ್ರಸಾರಕ್ಕೆಂದೇ ಮೀಸಲಿಟ್ಟಿತು. 1948ರಲ್ಲಿ ಕೇವಲ 10 ವ್ಯಾಟ್ ಶಕ್ತಿಯ ಕೇಂದ್ರಗಳಿಗೂ ಪರವಾನಗಿ ಕೊಡಲು ಒಪ್ಪಿತು. ಹತ್ತು ವ್ಯಾಟ್ ಎಂದರೆ ಕ್ಯಾಂಪಸ್ಸು ಮತ್ತು ಅದರ ಸುತ್ತಮುತ್ತಲಿನ ಸ್ವಲ್ಪ ಪ್ರದೇಶ, ಅಷ್ಟೇ. ಶಿಕ್ಷಣಕ್ಕೆಂದು ಕಾಯ್ದಿಟ್ಟ ಆ ಜಾಗ ಮುಂದಿನ ಮೂರು ದಶಕಗಳಲ್ಲಿ ಎಳೆಯರ ಕೈಗೆ ಬಂದು, ಯಾರಿಗೂ ಏನನ್ನೂ ಮಾರಬೇಕಾದ ಒತ್ತಡವಿಲ್ಲದ ಪ್ರಸಾರವಾಗಿ ಬೆಳೆಯಿತು. ಅದೇ ಹೊತ್ತಿಗೆ, ಅಂದರೆ ಎಪ್ಪತ್ತರ ದಶಕದ ಕೊನೆಯ ವೇಳೆಗೆ, ವಾಣಿಜ್ಯ ಎಫ್‌ಎಂ ಕೇಂದ್ರಗಳು ಸಲಹೆಗಾರರು ಸಿದ್ಧಪಡಿಸಿಕೊಟ್ಟ ಚಿಕ್ಕ ಪಟ್ಟಿಯ ಹಾಡುಗಳನ್ನೇ ಊರೂರಿನಲ್ಲಿ ಸುತ್ತಿ ಸುತ್ತಿ ಹಾಕತೊಡಗಿದ್ದವು. ಹೊಸ ತಂಡವೊಂದಕ್ಕೆ ಅಲ್ಲಿ ಬಾಗಿಲೇ ಇರಲಿಲ್ಲ.

ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 1980ರಲ್ಲಿ ಹುಟ್ಟಿದ ಆರ್‌ಇಎಂ ತಂಡವನ್ನೇ ನೋಡಿ. 1981ರಲ್ಲಿ ಅವರ ಮೊದಲ ಮುದ್ರಿಕೆಯನ್ನು ಹೊರತಂದದ್ದು ಹಿಬ್‌-ಟೋನ್ ಎಂಬ ಪುಟ್ಟ ಲೇಬಲ್, ಅಂದರೆ ಧ್ವನಿಮುದ್ರಣ ಸಂಸ್ಥೆ. 1983ರಲ್ಲಿ ಅವರ ಮೊದಲ ಪೂರ್ಣ ಆಲ್ಬಂ ಬಂದಾಗ ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನು ವರ್ಷದ ಅತ್ಯುತ್ತಮ ಆಲ್ಬಂ ಎಂದು ಆರಿಸಿತು. ಈ ನಡುವೆ ಅವರನ್ನು ಊರಿಂದೂರಿಗೆ ದಾಟಿಸಿದ್ದು ಕಾಲೇಜು ಕೇಂದ್ರಗಳು. ಮಿನಿಯಾಪೊಲಿಸ್‌ನ ಹಸ್ಕರ್ ಡೂ ಮತ್ತು ರಿಪ್ಲೇಸ್‌ಮೆಂಟ್ಸ್, ನ್ಯೂಯಾರ್ಕ್‌ನ ಸಾನಿಕ್ ಯೂತ್ ಇವರೆಲ್ಲ ವ್ಯಾನಿನಲ್ಲಿ ತಿರುಗುತ್ತ ಇದೇ ಹಾದಿಯಲ್ಲಿ ನಡೆದವರು. ಸಂಜೆಯ ಸಂಗೀತ ಕಛೇರಿಗೆ ಮೊದಲು ಮಧ್ಯಾಹ್ನ ಆ ಊರಿನ ಕಾಲೇಜು ಕೇಂದ್ರಕ್ಕೆ ಹೋಗಿ ಕುಳಿತು ಮಾತಾಡುವುದು ಅಂಥ ತಂಡಗಳಿಗೆ ರೂಢಿಯಾಗಿತ್ತು.

ನಾನು ಮುಂದಿಡಬಯಸುವ ಮಾತು ಇಷ್ಟು. ಆ ಕೇಂದ್ರಗಳ ನಿಜವಾದ ಕೊಡುಗೆ ಯಾವುದೋ ಒಂದು ಬಗೆಯ ಗಿಟಾರ್ ಸಂಗೀತವಲ್ಲ. ಆರಿಸುವ ಕೆಲಸವನ್ನು ವ್ಯಕ್ತಿಯೊಬ್ಬರ ಕೈಗೆ ಪೂರ್ತಿಯಾಗಿ ಒಪ್ಪಿಸಿ, ಅದರಿಂದ ಬರುವ ಲಾಭನಷ್ಟದ ಲೆಕ್ಕವನ್ನು ಪಕ್ಕಕ್ಕಿಟ್ಟದ್ದೇ ಅವುಗಳ ಕೊಡುಗೆ. ಹೀಗೆ ಆರಿಸಿಕೊಟ್ಟದ್ದನ್ನು ಕೇಳಿ ಬೆಳೆದ ಕಿವಿ ಬೇರೆಯೇ ಆಗುತ್ತದೆ ಎಂಬುದು ನನ್ನ ಅನುಭವ. ನಿಮ್ಮ ಅಭಿಪ್ರಾಯಗಳನ್ನು ಎದುರು ನೋಡುತ್ತೇನೆ.

ಹಳೆಯ ಸ್ವಯಂಸೇವಕ:

ತರಂಗಪ್ರಿಯ ಅವರೇ, ನಮಸ್ಕಾರ. ತೊಂಬತ್ತರ ದಶಕದಲ್ಲಿ ಪೂರ್ವ ಕರಾವಳಿಯ ಒಂದು ವಿಶ್ವವಿದ್ಯಾಲಯದ ಕೇಂದ್ರದಲ್ಲಿ ನಾನು ಡೀಜೆಯಾಗಿ ದುಡಿದವನು. ಒಳಗಿನ ಕೆಲಸ ಹೇಗಿತ್ತೆಂದು ಹೇಳಿದರೆ ನಿಮ್ಮ ಮಾತಿಗೆ ಸ್ವಲ್ಪ ಪುಷ್ಟಿಯೂ ಸ್ವಲ್ಪ ತಿದ್ದುಪಡಿಯೂ ಸಿಗಬಹುದು.

ಹೊಸದಾಗಿ ಸೇರಿದವರಿಗೆ ಸಿಗುತ್ತಿದ್ದದ್ದು ನಡುರಾತ್ರಿಯ ಪಾಳಿ. ಗಂಟೆಗೊಮ್ಮೆ ಕೇಂದ್ರದ ಕರೆಹೆಸರನ್ನೂ ಊರಿನ ಹೆಸರನ್ನೂ ಹೇಳಲೇಬೇಕು, ಅದು ಕಾನೂನು. ಅಶ್ಲೀಲವೆನಿಸುವ ಮಾತಿರುವ ಹಾಡುಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಮಾತ್ರ ಹಾಕಬಹುದು. ನೆರವು ಕೊಟ್ಟ ಅಂಗಡಿಯ ಹೆಸರನ್ನು ಹೇಳಬಹುದೇ ಹೊರತು, ಬೆಲೆ ಹೇಳುವಂತಿಲ್ಲ, 'ಬನ್ನಿ, ಕೊಳ್ಳಿ' ಎನ್ನುವಂತಿಲ್ಲ. ಇಷ್ಟನ್ನು ಪಾಲಿಸಿದರೆ ಉಳಿದ ಹೊತ್ತು ನಮ್ಮದು. ಹೊಸದಾಗಿ ಬಂದ ಆಲ್ಬಂಗಳಿಗೆ ಒಂದು ಬೇರೆ ಕಪಾಟು ಇರುತ್ತಿತ್ತು, ಗಂಟೆಗೆ ಇಂತಿಷ್ಟು ಹಾಡು ಅಲ್ಲಿಂದ ಬರಬೇಕೆಂಬ ನಿಯಮವಿತ್ತು. ಪ್ರತಿ ಆಲ್ಬಂ ಮೇಲೂ ಅದನ್ನು ಮೊದಲು ಕೇಳಿದವರು ಕೈಬರಹದಲ್ಲಿ ಅಂಟಿಸಿದ ಟಿಪ್ಪಣಿ ಇರುತ್ತಿತ್ತು: ಯಾವ ಹಾಡು ಚೆನ್ನಾಗಿದೆ, ಯಾವುದರಲ್ಲಿ ಬೈಗುಳವಿದೆ, ಇದನ್ನು ಮೆಚ್ಚಿದವರು ಮುಂದೆ ಯಾವುದನ್ನು ಕೇಳಬಹುದು. ಆ ಟಿಪ್ಪಣಿಯ ಕೆಳಗೆ ಇನ್ನೊಬ್ಬರು ಒಪ್ಪದೆ ಬರೆದ ಸಾಲುಗಳು, ಅದರ ಕೆಳಗೆ ಮೂರನೆಯವರ ಉತ್ತರ. ಸಂಗೀತದ ಬಗ್ಗೆ ಯೋಚಿಸಿ ವಾಕ್ಯ ಬರೆಯುವುದನ್ನು ನಾನು ಕಲಿತದ್ದು ಆ ಚೀಟಿಗಳಿಂದ. ತರಗತಿಯಲ್ಲಿ ಯಾರೂ ಅಷ್ಟು ಕಟುವಾಗಿಯೂ ಅಷ್ಟು ಪ್ರೀತಿಯಿಂದಲೂ ತಿದ್ದುತ್ತಿರಲಿಲ್ಲ.

ಇನ್ನು ತಿದ್ದುಪಡಿಯ ಮಾತು. ಲೆಕ್ಕ ಪಕ್ಕಕ್ಕಿತ್ತು ಎಂದು ನೀವು ಬರೆದಿದ್ದೀರಿ. ಪೂರ್ತಿಯಾಗಿ ಹಾಗಿರಲಿಲ್ಲ. 1978ರಲ್ಲಿ ಶುರುವಾದ ಸಿಎಂಜೆ ಎಂಬ ಪತ್ರಿಕೆ ಕಾಲೇಜು ಕೇಂದ್ರಗಳು ಏನನ್ನು ಹೆಚ್ಚು ಹಾಕುತ್ತಿವೆ ಎಂಬ ಪಟ್ಟಿಯನ್ನು ಸಂಗ್ರಹಿಸಿ ಪ್ರಕಟಿಸುತ್ತಿತ್ತು. ನಮ್ಮ ಸಂಗೀತ ನಿರ್ದೇಶಕಿಗೆ, ಅಂದರೆ ಯಾವ ಆಲ್ಬಂ ಕಪಾಟಿಗೆ ಸೇರಬೇಕೆಂದು ತೀರ್ಮಾನಿಸುವ ವಿದ್ಯಾರ್ಥಿನಿಗೆ, ಕಂಪನಿಗಳ ಪ್ರಚಾರಕರಿಂದ ವಾರವಿಡೀ ಫೋನ್ ಬರುತ್ತಿತ್ತು. ಬಿಲ್‌ಬೋರ್ಡ್ ಕೂಡ 1988ರ ಸೆಪ್ಟೆಂಬರಿನಲ್ಲಿ ಈ ಬಗೆಯ ರಾಕ್‌ಗೆಂದೇ ಒಂದು ಪಟ್ಟಿಯನ್ನು ಆರಂಭಿಸಿತು. ಎಣಿಕೆ ಶುರುವಾದ ಮೇಲೆ ಆಯ್ಕೆಯ ಸ್ವಭಾವ ಸ್ವಲ್ಪವಾದರೂ ಬದಲಾಗದೆ ಇರುವುದಿಲ್ಲ.

ಶ್ರುತಿಪೆಟ್ಟಿಗೆ:

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಆದರೆ ಒಂದು ಕೊರತೆಯನ್ನು ಹೇಳದೆ ಇರಲಾರೆ. ಕಾಲೇಜು ರೇಡಿಯೊ ಎಂದ ಕೂಡಲೇ ಬಿಳಿಯ ಹುಡುಗರು, ಗಿಟಾರು, ಮಂದ ಬೆಳಕಿನ ಕೋಣೆ ಎಂಬ ಚಿತ್ರವೇ ಎಲ್ಲರ ಬರಹದಲ್ಲಿ ಬರುತ್ತದೆ. ಗಿಟಾರ್ ಮುಖ್ಯವಲ್ಲ ಎಂದು ತರಂಗಪ್ರಿಯ ಅವರು ಹೇಳಿದರೂ ಅವರು ಕೊಟ್ಟ ಉದಾಹರಣೆಗಳೆಲ್ಲ ಅದರವೇ. ಹಿಪ್-ಹಾಪ್ ಇಲ್ಲದೆ ಈ ಕಥೆ ಪೂರ್ತಿಯಾಗುವುದಿಲ್ಲ.

ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿರುವ ಅಡೆಲ್ಫಿ ವಿಶ್ವವಿದ್ಯಾಲಯದ ಕೇಂದ್ರದ ಹೆಸರು ಡಬ್ಲ್ಯುಬಿಎಯು. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಬಿಲ್ ಸ್ಟೆಫ್ನಿ, ಹ್ಯಾಂಕ್ ಶಾಕ್ಲೀ ಮತ್ತು ಆ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ವಿನ್ಯಾಸ ಓದುತ್ತಿದ್ದ ಚಕ್ ಡಿ ಒಟ್ಟಾದರು. ಪಬ್ಲಿಕ್ ಎನಿಮಿ ಎಂಬ ತಂಡ ಆ ಕೂಟದಿಂದ ಮೂಡಿ ಬಂತು. ಆಗ ರ‍್ಯಾಪ್ ಮುದ್ರಿಕೆಗಳೇ ಕಡಿಮೆ. ಹಾಗಾಗಿ ಸುತ್ತಲಿನ ಬಡಾವಣೆಗಳ ಹುಡುಗರು ತಾವೇ ಮುದ್ರಿಸಿಕೊಂಡು ತಂದ ಟೇಪುಗಳೂ ಪ್ರಸಾರವಾಗುತ್ತಿದ್ದವು. ಹಾರ್ವರ್ಡ್‌ನ ಡಬ್ಲ್ಯುಎಚ್‌ಆರ್‌ಬಿಯಲ್ಲಿ ಹಿಪ್-ಹಾಪ್ ಕಾರ್ಯಕ್ರಮ ನಡೆಸುತ್ತಿದ್ದ ಡೇವಿಡ್ ಮೇಸ್ 1988ರಲ್ಲಿ ತಮ್ಮ ಕೇಳುಗರಿಗೆಂದು ಹೊರತಂದ ಚಿಕ್ಕ ಪತ್ರವೇ ಮುಂದೆ 'ದಿ ಸೋರ್ಸ್' ಎಂಬ ದೊಡ್ಡ ನಿಯತಕಾಲಿಕೆಯಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಡಬ್ಲ್ಯುಕೆಸಿಆರ್‌ನಲ್ಲಿ 1990ರಿಂದ 1998ರವರೆಗೆ ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್ ಮತ್ತು ಬಾಬಿಟೊ ಗಾರ್ಸಿಯಾ ವಾರಕ್ಕೊಂದು ರಾತ್ರಿ ನಡೆಸಿದ ಕಾರ್ಯಕ್ರಮಕ್ಕೆ ಮುಂದೆ ಪ್ರಸಿದ್ಧ ರ‍್ಯಾಪ್ ಗಾಯಕರಾದ ನಾಸ್, ನಟೋರಿಯಸ್ ಬಿಐಜಿ, ಜೇ-ಜ಼ೀ ಮೊದಲಾದವರು ತಮ್ಮ ಮೊದಲ ಆಲ್ಬಂ ಹೊರಬರುವ ಮೊದಲೇ ಬಂದು ಹಾಡಿದ್ದಾರೆ. ಇಡೀ ನಗರದ ಹುಡುಗರು ಅದನ್ನು ಕ್ಯಾಸೆಟ್‌ಗೆ ಇಳಿಸಿಕೊಂಡು ಕೈಯಿಂದ ಕೈಗೆ ದಾಟಿಸುತ್ತಿದ್ದರು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ವಿಶ್ವವಿದ್ಯಾಲಯದ ಹೊರಗಿನವರಿಗೂ ಆ ಮೈಕು ಸಿಕ್ಕಿತು ಎಂಬ ಸಂಗತಿ. ಅಲ್ಲಿ ಓದುವ ಯೋಗವಿಲ್ಲದವರು, ಆ ಗೇಟಿನೊಳಗೆ ಕಾಲಿಡಲು ಬೇರೆ ಕಾರಣವೇ ಇಲ್ಲದವರು, ರಾತ್ರಿ ಒಂದು ಗಂಟೆಗೆ ಒಳಗೆ ಬಂದು ತಮ್ಮ ಮಾತನ್ನು ಒಂದು ಮಹಾನಗರಕ್ಕೆ ಕೇಳಿಸಿದರು. ಆರಿಸುವವರ ಸ್ವಾತಂತ್ರ್ಯಕ್ಕಿಂತ ನನಗೆ ಇದು ದೊಡ್ಡದು.

ತರಂಗಪ್ರಿಯ:

ಶ್ರುತಿಪೆಟ್ಟಿಗೆ ಅವರ ಮಾತನ್ನು ಮನಸಾರೆ ಒಪ್ಪುತ್ತೇನೆ. ನಾನು ಕೇಳುತ್ತಿದ್ದ ಕೇಂದ್ರದಲ್ಲೂ ವಾರಾಂತ್ಯದಲ್ಲಿ ಊರಿನವರೇ ನಡೆಸುವ ಬ್ಲೂಸ್, ರೆಗ್ಗೆ, ಪೋಲ್ಕಾ ಕಾರ್ಯಕ್ರಮಗಳಿದ್ದವು. ಭಾರತೀಯ ಭಾಷೆಗಳ ಹಾಡಿಗೆ ಜಾಗ ಕೊಟ್ಟ ಕಾಲೇಜು ಕೇಂದ್ರಗಳೂ ಆ ದೇಶದಲ್ಲಿವೆ. ಈ ತೆರೆದ ಬಾಗಿಲಿನ ಗುಣವನ್ನು ನನ್ನ ಮೊದಲ ಮಾತಿಗೆ ಸೇರಿಸಿಯೇ ಓದಬೇಕು.

ಮಾವಿನತೋಪು:

ಹಿರಿಯರ ನೆನಪುಗಳು ಚೆನ್ನಾಗಿವೆ, ಆದರೆ ನನ್ನ ಪ್ರಶ್ನೆ ಬೇರೆ. ನಾನು 2000ದ ನಂತರ ಹುಟ್ಟಿದವಳು. ನೀವು ಹೇಳುವ ಆ ಹತ್ತು ವ್ಯಾಟ್ ಕೇಂದ್ರದ ವ್ಯಾಪ್ತಿಯ ಆಚೆ ಇದ್ದ ಹುಡುಗಿಗೆ ಆ ಸಂಗೀತವೇ ಸಿಗುತ್ತಿರಲಿಲ್ಲ. ಇಂದು ಮೊಬೈಲಿನಲ್ಲಿ ಸ್ಪಾಟಿಫೈ ತೆರೆದರೆ ಹಸ್ಕರ್ ಡೂ ಕೂಡ ಸಿಗುತ್ತದೆ, ನಿನ್ನೆ ಮಲಗುವ ಕೋಣೆಯಲ್ಲಿ ಯಾರೋ ಮುದ್ರಿಸಿದ ಹಾಡೂ ಸಿಗುತ್ತದೆ. ಆರಿಸುವವರ ಅಧಿಕಾರ ಕಡಿಮೆಯಾಗಿ ಕೇಳುವವರ ಅಧಿಕಾರ ಹೆಚ್ಚಾದದ್ದು ಒಳ್ಳೆಯದೇ ಅಲ್ಲವೇ? ಹಳೆಯ ವ್ಯವಸ್ಥೆಯಲ್ಲಿ ಹದಿನೆಂಟರ ಹರೆಯದ ಯಾರೋ ಒಬ್ಬರ ರುಚಿಗೆ ಇಡೀ ಊರು ತಲೆಬಾಗಬೇಕಿತ್ತು. ಇದನ್ನು ವಾದಕ್ಕೆಂದು ಹೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಹಳೆಯ ಸ್ವಯಂಸೇವಕ:

ಮಾವಿನತೋಪು ಅವರ ಪ್ರಶ್ನೆ ನ್ಯಾಯವಾದದ್ದು. ಒಂದು ಸಂಗತಿಯನ್ನು ಮಾತ್ರ ಗಮನಕ್ಕೆ ತರುತ್ತೇನೆ. ವ್ಯಾಪ್ತಿಯ ಮಿತಿಯನ್ನು ಮೊದಲು ದಾಟಿದವರಲ್ಲಿ ಕಾಲೇಜು ಕೇಂದ್ರಗಳೇ ಇದ್ದವು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಡಬ್ಲ್ಯುಎಕ್ಸ್‌ವೈಸಿ 1994ರ ನವೆಂಬರ್ 7ರಂದು ತನ್ನ ಪ್ರಸಾರವನ್ನು ಅಂತರ್ಜಾಲದಲ್ಲಿ ಹರಿಸತೊಡಗಿತು. ಆಗ ಅದನ್ನು ಕೇಳಬಲ್ಲ ಕಂಪ್ಯೂಟರ್‌ಗಳು ತೀರಾ ಕಡಿಮೆ, ಆದರೂ ಮಾಡಿದರು. ದೂರದ ಕೇಳುಗರ ಹಂಬಲ ಅವರಿಗೆ ಅರ್ಥವಾಗಿತ್ತು ಎಂದು ನಾನು ಭಾವಿಸುತ್ತೇನೆ.

ತರಂಗಪ್ರಿಯ:

ಮಾವಿನತೋಪು ಅವರೇ, ನಿಮ್ಮ ಪ್ರಶ್ನೆಯನ್ನು ಹಲವು ದಿನ ಮನಸ್ಸಿನಲ್ಲಿಟ್ಟುಕೊಂಡೆ. ಸಿಗುವುದು, ಸಿಗದಿರುವುದು ಎಂಬುದಷ್ಟೇ ವಿಷಯವಾಗಿದ್ದರೆ ನೀವು ಹೇಳಿದ್ದೇ ಸರಿ, ಅಲ್ಲಿಗೆ ಚರ್ಚೆ ಮುಗಿಯಿತು. ಆದರೆ ಎಲ್ಲವೂ ಸಿಗುವ ಕಡೆಯೂ ಮುಂದಿನ ಹಾಡು ಯಾವುದೆಂದು ತೀರ್ಮಾನಿಸುವವರು ಇದ್ದೇ ಇರುತ್ತಾರೆ. ನೀವು ಒಂದು ಆಲ್ಬಂ ಕೇಳಿ ಮುಗಿಸಿದ ಮೇಲೆ ಸ್ಪಾಟಿಫೈ ತಾನಾಗಿ ಹಾಕುವ ಹಾಡನ್ನು ಯಾರು ಆರಿಸಿದರು, ಯಾವ ಕಾರಣಕ್ಕೆ ಆರಿಸಿದರು ಎಂದು ನೀವು ಯಾರನ್ನೂ ಕೇಳುವಂತಿಲ್ಲ. ಕಾಲೇಜು ಕೇಂದ್ರದಲ್ಲಿ ಫೋನ್ ಎತ್ತಿದರೆ ಆರಿಸಿದವರೇ ಮಾತಿಗೆ ಸಿಗುತ್ತಿದ್ದರು. 'ಈಗ ಹಾಕಿದ್ದು ಏನು, ಯಾಕೆ ಹಾಕಿದಿರಿ' ಎಂದು ಕೇಳಿದರೆ ಉತ್ತರ ಬರುತ್ತಿತ್ತು, ಕೆಲವೊಮ್ಮೆ ಆ ಉತ್ತರ ಹಾಡಿಗಿಂತ ಉದ್ದವಾಗಿರುತ್ತಿತ್ತು.

ಆರಿಸುವವರು ತಮ್ಮ ಕಾರಣವನ್ನು ಮುಂದಾಗಿ ಸಾರಿ ಹೇಳಿದ ಒಂದು ನಿದರ್ಶನ ನನಗೆ ಬಹಳ ಪ್ರಿಯವಾದದ್ದು. ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿರುವ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನ ಕೆಎಒಎಸ್ ಕೇಂದ್ರವು, ಪ್ರಸಾರವಾಗುವ ಸಂಗೀತದಲ್ಲಿ ಶೇ. 80ರಷ್ಟು ಸ್ವತಂತ್ರ ಲೇಬಲ್‌ಗಳದ್ದೇ ಇರಬೇಕೆಂಬ ನೀತಿಯನ್ನು ತಂದಿತು. ಆ ಕೇಂದ್ರದಲ್ಲಿ ಡೀಜೆಯಾಗಿದ್ದ ಬ್ರೂಸ್ ಪ್ಯಾವಿಟ್ ಅದೇ ಊರಿನಲ್ಲಿ ಸ್ವತಂತ್ರ ಸಂಗೀತದ ಬಗ್ಗೆ ಒಂದು ಸಣ್ಣ ಪತ್ರಿಕೆ ಹೊರಡಿಸಿದರು. ಮುಂದೆ ಸಿಯಾಟಲ್‌ನಲ್ಲಿ ಜೊನಾಥನ್ ಪೋನ್‌ಮನ್ ಜೊತೆ ಸೇರಿ ಅವರು ಕಟ್ಟಿದ ಸಬ್ ಪಾಪ್ ಲೇಬಲ್ ನಿರ್ವಾಣ ತಂಡದ ಮೊದಲ ಆಲ್ಬಂ ಹೊರತಂದಿತು. ಪೋನ್‌ಮನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆಸಿಎಂಯು ಕೇಂದ್ರದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದವರು. ಸೌಂಡ್‌ಗಾರ್ಡನ್ ತಂಡದ ಕಿಮ್ ಥಾಯಿಲ್ ಕೂಡ ಅಲ್ಲಿ ಡೀಜೆಯಾಗಿದ್ದರು. ಒಂದು ಕಾಲೇಜು ಕೇಂದ್ರದ ನೀತಿಯಿಂದ ಒಂದು ಲೇಬಲ್‌ವರೆಗೆ ಎಷ್ಟು ಕಡಿಮೆ ಜನರ ಕೈಗಳಿವೆ ನೋಡಿ. ಯಾವುದೂ ಗುಟ್ಟಾಗಿ ನಡೆಯಲಿಲ್ಲ.

ಇನ್ನೊಂದು ಅನುಭವ. ನಾನು ಮೆಚ್ಚದ ಸಂಗೀತವನ್ನು ನಾನು ಅತಿ ಹೆಚ್ಚು ಕೇಳಿದ್ದು ಆ ದಿನಗಳಲ್ಲೇ. ಒಂದು ಹಾಡು ಹಿಡಿಸದಿದ್ದರೂ ಮುಂದಿನದು ಏನಿರಬಹುದೆಂಬ ಕುತೂಹಲಕ್ಕೆ ರೇಡಿಯೊ ನಿಲ್ಲಿಸದೆ ಕುಳಿತಿರುತ್ತಿದ್ದೆ. ಮೊದಲ ಸಲ ಕರ್ಕಶವೆನಿಸಿದ್ದು ತಿಂಗಳು ಕಳೆದ ಮೇಲೆ ಬೇರೆ ಹಾಡಿನ ಪಕ್ಕದಲ್ಲಿ ಬಂದಾಗ ಅದರ ಒಳಗಿನ ಕಟ್ಟು ತಿಳಿಯುತ್ತಿತ್ತು. ನನ್ನ ಹಿಂದಿನ ಮೆಚ್ಚುಗೆಗಳನ್ನು ಆಧರಿಸಿ ಮುಂದಿನದನ್ನು ಕೊಡುವ ವ್ಯವಸ್ಥೆಯಲ್ಲಿ ಈ ಬಗೆಯ ಕಲಿಕೆಗೆ ಎಡೆ ಕಡಿಮೆ. ಬೆರಳ ತುದಿಯಲ್ಲಿ ಹಾಡು ದಾಟಿಸುವ ಅನುಕೂಲ ನನಗೆ ಆಗ ಇದ್ದಿದ್ದರೆ ನನ್ನ ಸಂಗೀತದ ಲೋಕ ಇಂದಿಗಿಂತ ಬಹಳ ಚಿಕ್ಕದಾಗಿರುತ್ತಿತ್ತು.

ಕಡಲಂಚು:

ಈ ಚರ್ಚೆಯಲ್ಲಿ ಪರವಾನಗಿಗಳ ಮಾರಾಟದ ವಿಷಯ ಬರಬೇಕು. 1978ರಲ್ಲಿ ಎಫ್‌ಸಿಸಿ ಹತ್ತು ವ್ಯಾಟ್ ಕೇಂದ್ರಗಳಿಗೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಇದ್ದವು ಶಕ್ತಿ ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ಬೇರೆ ಕೇಂದ್ರಗಳ ಪ್ರಸಾರದ ಅಡ್ಡಿಯಿಂದ ಇದ್ದ ರಕ್ಷಣೆ ಕಳೆದುಕೊಳ್ಳಬೇಕು ಎಂದಾಯಿತು. ಶಕ್ತಿ ಹೆಚ್ಚಿಸಿಕೊಂಡವುಗಳ ಪರವಾನಗಿಗೆ ಕಾಲಕ್ರಮದಲ್ಲಿ ದೊಡ್ಡ ಬೆಲೆ ಬಂತು. ಆ ಬೆಲೆಯೇ ಅವುಗಳಿಗೆ ಮುಳುವಾಯಿತು.

ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯವು 50,000 ವ್ಯಾಟ್‌ನ ಕೆಟಿಆರ್‌ಯು ಕೇಂದ್ರವನ್ನು ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ 95 ಲಕ್ಷ ಡಾಲರಿಗೆ ಮಾರುವ ತೀರ್ಮಾನ 2010ರಲ್ಲಿ ಹೊರಬಿತ್ತು. 2011ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಕೆಯುಎಸ್ಎಫ್‌ನ ಪ್ರಸಾರ ಹಗಲುಹೊತ್ತಿನಲ್ಲೇ ಹಠಾತ್ತನೆ ನಿಂತುಹೋಯಿತು. ಅದೇ ವರ್ಷ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್‌ನ ಡಬ್ಲ್ಯುಆರ್‌ವಿಯು ಕೂಡ ಎಫ್‌ಎಂನಿಂದ ಮರೆಯಾಯಿತು. 2014ರಲ್ಲಿ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಲಕ್ಷ ವ್ಯಾಟ್ ಕೇಂದ್ರದ ಹಗಲಿನ ಹೊತ್ತು ರಾಜ್ಯದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಪಾಲಾಯಿತು. ವಿದ್ಯಾರ್ಥಿಗಳು ಹೇಗೂ ಅಂತರ್ಜಾಲದಲ್ಲಿ ಕೇಳುತ್ತಾರೆ ಎಂಬ ಸಮಾಧಾನ ಇಂಥ ಸಂದರ್ಭಗಳಲ್ಲಿ ಕೇಳಿಬರುತ್ತಿತ್ತು. ಕಾರಿನ ರೇಡಿಯೊದಲ್ಲಿ ಗುಂಡಿ ತಿರುಗಿಸುತ್ತ ಅಕಸ್ಮಾತ್ತಾಗಿ ಸಿಕ್ಕಿ ನಿಂತುಬಿಡುವ ಕೇಳುಗನಿಗೆ ಆ ಸಮಾಧಾನ ಏನೂ ಕೊಡುವುದಿಲ್ಲ. ಸಂಗೀತವನ್ನು ಹುಡುಕದೆ ಇದ್ದವರಿಗೂ ಅದು ತಲುಪುತ್ತಿದ್ದದ್ದು ಎಫ್‌ಎಂನ ದೊಡ್ಡ ಗುಣ.

ಒಂದು ಒಳ್ಳೆಯ ಸುದ್ದಿಯೂ ಇದೆ. 2000ದಲ್ಲಿ ಆರಂಭವಾಗಿ 2011ರ ಕಾನೂನಿನಿಂದ ವಿಸ್ತಾರಗೊಂಡ ಕಡಿಮೆ ಶಕ್ತಿಯ ಎಫ್‌ಎಂ ವ್ಯವಸ್ಥೆಯಡಿ ರೈಸ್‌ನ ವಿದ್ಯಾರ್ಥಿಗಳು 2015ರಲ್ಲಿ ಮತ್ತೆ ಎಫ್‌ಎಂಗೆ ಮರಳಿದರು.

ಶ್ರುತಿಪೆಟ್ಟಿಗೆ:

ಮಾರಾಟದ ದುಃಖ ನನಗೂ ಇದೆ. ಆದರೆ ಕಾಲೇಜು ರೇಡಿಯೊದ ಒಳಗೇ ಇದ್ದ ಒಂದು ದೋಷವನ್ನೂ ಹೇಳಬೇಕು. ನಮ್ಮದೆಂದುಕೊಂಡ ತಂಡ ಎಲ್ಲರಿಗೂ ಪ್ರಿಯವಾದ ಕೂಡಲೇ ಅದನ್ನು ಕೈಬಿಡುವ ಅಭ್ಯಾಸ ಅಲ್ಲಿತ್ತು. 1988ರಲ್ಲಿ ಆರ್‌ಇಎಂ ತಂಡ ವಾರ್ನರ್ ಕಂಪನಿಗೆ ಸಹಿ ಹಾಕಿದಾಗ ಆ ತಂಡ ತಮಗೆ ದ್ರೋಹ ಮಾಡಿತೆಂಬಂತೆ ಮಾತಾಡಿದವರನ್ನು ನಾನು ಬಲ್ಲೆ. 1991ರ ಸೆಪ್ಟೆಂಬರಿನಲ್ಲಿ ನಿರ್ವಾಣ ತಂಡದ ಎರಡನೆಯ ಆಲ್ಬಂ ಬಂತು. ಕಂಪನಿ ಅಮೆರಿಕಕ್ಕೆಂದು ಮೊದಲಿಗೆ ಅಚ್ಚು ಹಾಕಿಸಿದ್ದು ಸುಮಾರು 46 ಸಾವಿರ ಪ್ರತಿಗಳನ್ನು ಮಾತ್ರ. 1992ರ ಜನವರಿಗೆ ಅದು ಮೈಕೆಲ್ ಜಾಕ್ಸನ್ ಅವರ ಆಲ್ಬಂ ಅನ್ನು ಹಿಂದಕ್ಕೆ ಸರಿಸಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ ಏರಿತು. ವರ್ಷಗಟ್ಟಲೆ ತಾವೇ ಸಾಕಿ ಬೆಳೆಸಿದ ಧ್ವನಿ ಇಡೀ ದೇಶಕ್ಕೆ ಕೇಳಿಸಿದ ಆ ಗಳಿಗೆಯಲ್ಲಿ ಸಂತೋಷಪಡಬೇಕಾದವರು ಮುಖ ಸಿಂಡರಿಸಿದರು.

ಜನಪ್ರಿಯವಾದದ್ದನ್ನು ಗೌರವಿಸಲಾರದ ಈ ಮನೋಭಾವ ಅಪರೂಪದ್ದನ್ನು ಪ್ರೀತಿಸುವ ಮನೋಭಾವದಿಂದ ಬೇರೆಯಾದದ್ದು ಎಂದು ನಾನು ತಿಳಿದಿದ್ದೇನೆ. ಮಡೊನಾ, ಪ್ರಿನ್ಸ್ ಇವರ ಹಾಡುಗಳನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿ, ಅವುಗಳ ತಾಳ, ಪದರ ಪದರವಾದ ವಾದ್ಯ ಜೋಡಣೆ, ಅವುಗಳನ್ನು ಕೇಳಿ ಕುಣಿದವರ ಬದುಕು ಇವನ್ನೆಲ್ಲ ಯೋಚಿಸುವವರಿಗೆ ಕೆಲವು ಕೇಂದ್ರಗಳಲ್ಲಿ ಜಾಗವಿರಲಿಲ್ಲ. ಹುಡುಗಿಯರು ಮೆಚ್ಚಿದ ಸಂಗೀತವನ್ನು ಹಗುರವಾಗಿ ಕಾಣುವ ಚಾಳಿಯೂ ಇದರೊಳಗೆ ಸೇರಿಕೊಂಡಿತ್ತು.

ಹಳೆಯ ಸ್ವಯಂಸೇವಕ:

ಶ್ರುತಿಪೆಟ್ಟಿಗೆ ಅವರು ಹೇಳಿದ್ದನ್ನು ನಾನು ಒಳಗಿನಿಂದ ನೋಡಿದ್ದೇನೆ. ನಮ್ಮ ಕೇಂದ್ರದಲ್ಲಿ ಈ ಜಗಳ ಸಭೆಯಿಂದ ಸಭೆಗೆ ನಡೆಯುತ್ತಲೇ ಇತ್ತು. ಬೇರೆಡೆ ಸಿಗುವುದನ್ನು ನಾವೇಕೆ ಹಾಕಬೇಕು ಎಂಬುದು ಒಂದು ಪಕ್ಷ. ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಹಾಡನ್ನು ಹೊರಗಿಡುವುದು ಸರಿಯೇ ಎಂಬುದು ಇನ್ನೊಂದು. ಮೊದಲ ಪಕ್ಷಕ್ಕೆ ಒಂದು ಬಲವಾದ ಸಮರ್ಥನೆಯೂ ಇತ್ತೆಂದು ಹೇಳಬೇಕು. 1996ರ ದೂರಸಂಪರ್ಕ ಕಾಯ್ದೆ ಒಂದು ಕಂಪನಿ ದೇಶದಲ್ಲಿ ಒಟ್ಟು ಎಷ್ಟು ರೇಡಿಯೊ ಕೇಂದ್ರಗಳನ್ನು ಹೊಂದಬಹುದೆಂಬ ಮಿತಿಯನ್ನು ತೆಗೆದುಹಾಕಿದ ಮೇಲೆ, ಅದುವರೆಗೆ 40 ಕೇಂದ್ರಗಳಿಗಿಂತ ಹೆಚ್ಚು ಹೊಂದುವಂತಿರದಿದ್ದ ಕಡೆ ಕ್ಲಿಯರ್ ಚಾನೆಲ್ ಎಂಬ ಕಂಪನಿಯೊಂದೇ ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಕೇಂದ್ರಗಳ ಒಡೆತನ ಪಡೆಯಿತು. ಅಷ್ಟೊಂದು ಕೇಂದ್ರಗಳು ಒಂದೇ ಹಾಡನ್ನು ಹಾಕುವಾಗ ನಾವೂ ಅದನ್ನೇ ಹಾಕಿದರೆ ಬೇರೊಂದು ಹಾಡಿಗಿದ್ದ ಏಕೈಕ ಅವಕಾಶ ಹೋಗುತ್ತದೆ ಎಂಬ ಆತಂಕ ನಿಜವಾದದ್ದೇ. ಎರಡೂ ಪಕ್ಷದಲ್ಲಿ ಪ್ರೀತಿ ಇತ್ತು. ಪ್ರಸಿದ್ಧಿಯ ಬಗ್ಗೆ ಇದ್ದ ತಿರಸ್ಕಾರವನ್ನು ಮಾತ್ರ ನಾನು ಸಮರ್ಥಿಸಲಾರೆ.

ಮಾವಿನತೋಪು:

ಎಲ್ಲರ ಉತ್ತರಗಳನ್ನೂ ಓದಿದೆ. ತರಂಗಪ್ರಿಯ ಅವರು ಹೇಳಿದ 'ಯಾರನ್ನೂ ಕೇಳುವಂತಿಲ್ಲ' ಎಂಬ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ, ಆದರೂ ಕೇಳುವವರ ಸ್ವಾತಂತ್ರ್ಯದ ಬಗ್ಗೆ ನನ್ನ ನಿಲುವನ್ನು ಬಿಟ್ಟುಕೊಟ್ಟಿಲ್ಲ. ಇಂದು ಆ ಕೇಂದ್ರಗಳನ್ನು ಕೇಳಬೇಕೆಂದರೆ ಎಲ್ಲಿಂದ ಆರಂಭಿಸಲಿ?

ಹಳೆಯ ಸ್ವಯಂಸೇವಕ:

ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು ಇಂದ ಆರಂಭಿಸಿ. ಅದು ಅಪ್ಸಾಲಾ ಕಾಲೇಜಿನ ಕೇಂದ್ರವಾಗಿತ್ತು. 1995ರಲ್ಲಿ ಕಾಲೇಜು ಮುಚ್ಚಿಹೋದರೂ ಅದಕ್ಕೆ ಮುಂಚೆಯೇ ಕೇಂದ್ರದವರು ಪರವಾನಗಿಯನ್ನು ಕೊಂಡುಕೊಂಡಿದ್ದರಿಂದ ಕೇಳುಗರ ದೇಣಿಗೆಯಲ್ಲಿ ಇಂದಿಗೂ ನಡೆಯುತ್ತಿದೆ. ಹಳೆಯ ಕಾರ್ಯಕ್ರಮಗಳ ದೊಡ್ಡ ಸಂಗ್ರಹವನ್ನು ಜಾಲತಾಣದಲ್ಲಿ ಹಾಡುಪಟ್ಟಿ ಸಮೇತ ಇಟ್ಟಿದ್ದಾರೆ. ಜಾಜ್ ಇಷ್ಟವಿದ್ದರೆ ಕೊಲಂಬಿಯಾದ ಡಬ್ಲ್ಯುಕೆಸಿಆರ್ ಆಗಸ್ಟ್ 29ರಂದು ಚಾರ್ಲಿ ಪಾರ್ಕರ್ ಹುಟ್ಟುಹಬ್ಬಕ್ಕೆ ದಿನವಿಡೀ ಅವರ ಸಂಗೀತವನ್ನೇ ಪ್ರಸಾರ ಮಾಡುತ್ತದೆ. ಹಾರ್ವರ್ಡ್‌ನ ಡಬ್ಲ್ಯುಎಚ್‌ಆರ್‌ಬಿಯಲ್ಲಿ ಪರೀಕ್ಷೆಯ ಓದಿನ ದಿನಗಳು ಬಂದಾಗ ಒಬ್ಬ ಕಲಾವಿದರ ಅಥವಾ ಒಂದು ಪರಂಪರೆಯ ಸಂಗೀತವನ್ನು ಗಂಟೆಗಟ್ಟಲೆ ಬಿಡದೆ ಹಾಕುವ ಸಂಪ್ರದಾಯ 1940ರ ದಶಕದಿಂದ ಬಂದಿದೆ. ಕೇಳುವಾಗ ಒಂದು ಕೆಲಸ ಮಾಡಿ: ಕಾರ್ಯಕ್ರಮ ನಡೆಸುತ್ತಿರುವವರಿಗೆ ಒಂದು ಸಂದೇಶ ಕಳಿಸಿ, ಆ ಹಾಡನ್ನು ಏಕೆ ಆರಿಸಿದಿರೆಂದು ಕೇಳಿ. ಬಂದ ಉತ್ತರವನ್ನು ಇಲ್ಲಿ ಹಂಚಿಕೊಂಡರೆ ನಿಮ್ಮ ಮತ್ತು ತರಂಗಪ್ರಿಯ ಅವರ ವಾದವನ್ನು ಅಲ್ಲಿಂದ ಮುಂದುವರಿಸೋಣ.